ಅಳತೆಗೆ ಹಳೆಯ ರವಿಕೆ ಕೊಡುತ್ತಿದ್ದ ಅತ್ತೆ

ಮೊದಲು ಕಂಡದ್ದು ಮೊಣಕೈ ಮೇಲೆ. ಒಂದು ಕೆಂಪು ಮಚ್ಚೆ, ಅದರ ಮೇಲೆ ಬೆಳ್ಳನೆಯ ಹೊಟ್ಟು. ಆಗ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುತ್ತಿದ್ದೆ, ದಿನವಿಡೀ ಕೈಯೆಲ್ಲ ನೀಲಿ. "ಬಣ್ಣದ್ದ ಅಲರ್ಜಿ, ಮತ್ತೇನಲ್ಲ" ಎಂದರು ಎಲ್ಲರೂ. ನಾನೂ ನಂಬಿದೆ. ಕೆಲಸ ಬಿಟ್ಟೆ. ಮಗಳನ್ನು ಕರೆದುಕೊಂಡು ಬೆಳುಗುಪ್ಪದ ತವರಿಗೆ ಬಂದು ಒಂದು ವರ್ಷ ಕುರಿ ಕಾಯ್ದೆ.

ಮಚ್ಚೆ ತಲೆಗೂ ಹತ್ತಿತು.

ಕುರಿಗೇನು ನೀಲಿ ಬಣ್ಣವೇ?

ಬಳ್ಳಾರಿಯ ಸ್ಕಿನ್ ಡಾಕ್ಟರು ನೋಡಿದ ಕೂಡಲೇ "ಸೋರಿಯಾಸಿಸ್" ಎಂದರು. "ಇದು ಒಬ್ರಿಂದ ಒಬ್ರಿಗೆ ಹತ್ತಂಗಿಲ್ಲ. ಮನೆಯಾಗ ಯಾರಿಗಾದ್ರೂ ಐತೇನಮ್ಮ?" ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅವ್ವ, "ಇಲ್ರಿ, ಯಾರಿಗೂ ಇಲ್ರಿ" ಎಂದುಬಿಟ್ಟಳು, ದೇವರ ಮುಂದೆ ಆಣೆ ಇಟ್ಟವಳ ಹಾಗೆ.

ಕೆಲವು ತಿಂಗಳ ಮೇಲೆ ಸೋದರತ್ತೆ, ನಮ್ಮಪ್ಪನ ಅಕ್ಕ, ಜಾರಿಬಿದ್ದು ಕೈ ಮುರಿದುಕೊಂಡಳು. ಪ್ಲಾಸ್ಟರ್ ಹಾಕಲು ರವಿಕೆಯ ತೋಳು ಕತ್ತರಿಸಬೇಕಾಯಿತು. ಮಣಿಕಟ್ಟಿನವರೆಗಿನ ಆ ತೋಳು ಹೊಲಿದವಳು ನಾನೇ. ಹತ್ತು ವರ್ಷದಿಂದ ಅಂಥವನ್ನೇ ಹೊಲಿಸಿಕೊಳ್ಳುತ್ತಿದ್ದಳು. ಅಳತೆಗೆ ಹಳೆಯ ರವಿಕೆ ಕಳಿಸುತ್ತಿದ್ದಳೇ ಹೊರತು ಮೈಗೆ ಟೇಪು ತಾಗಿಸಿದವಳಲ್ಲ. ಈ ಬಿಸಿಲಲ್ಲಿ ಮುದುಕಿಗೆ ಎಂಥ ಸ್ಟೈಲು ಎಂದು ನಾನು ನಗುತ್ತಿದ್ದೆ.

ತೋಳು ಬಿಚ್ಚಿದರೆ ನನ್ನವೇ ಮಚ್ಚೆಗಳು.

"ನಿಮ್ಮಜ್ಜಗೂ ಇತ್ತವ್ವ" ಎಂದಳು ಅತ್ತೆ, ತಣ್ಣಗೆ. "ನಿಮ್ಮವ್ವಗ ಗೊತ್ತೈತಲ್ಲ."

ಗೊತ್ತಂತೆ! ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವಳೇ ಅವ್ವನ ಮೇಲೆ ಹರಿಹಾಯ್ದೆ. "ಯಾಕ ಮುಚ್ಚಿಟ್ಟಿ? ಬಣ್ಣದ್ದು ಅಂತ ಇದ್ದ ಕೆಲಸ ಬಿಟ್ಟೆನಲ್ಲಬೇ!"

"ಮನ್ಯಾಗ ಹೆಣ್ಣುಮಗು ಐತಿ. ವಂಶದ್ದು ಅಂತ ತಿಳಿದ್ರ ಯಾರು ಮಾಡ್ಕೋತಾರ ಅದನ್ನ?"

ಹೆಣ್ಣುಮಗು ಎಂದರೆ ನನ್ನ ಮಗಳು. ಒಂಬತ್ತನೇ ಕ್ಲಾಸು! ನಾನಿನ್ನೂ ಕೂಗಾಡುತ್ತಿದ್ದೆ, ಅಷ್ಟರಲ್ಲಿ ಅವಳೇ ಒಳಗೆ ಬಂದು ಕಿವಿಯ ಹಿಂದಿನ ಕೂದಲು ಸರಿಸಿದಳು. ಅಲ್ಲಿ ರೂಪಾಯಿಯಗಲ ಬೆಳ್ಳನೆಯ ಹೊಟ್ಟು.

"ಯಾವಾಗಿಂದ?"

"ಹೋದ ದಸರಾದಿಂದ. ನಿನ್ನಿಂದ ಹತ್ತೇತಿ ಅಂತ ಮಂದಿ ನಿನಗ ಬೈತಾರ. ಅದಕ್ಕ ಹೇಳ್ಲಿಲ್ಲಮ್ಮ."

ಮುಚ್ಚಿಡು ಎಂದು ಆ ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವ್ವ ಅಲ್ಲೇ ಗೋಡೆಗೊರಗಿ ಕೂತಳು.

ಈಗ ಇಬ್ಬರೂ ಬಳ್ಳಾರಿಗೆ ಹೋಗಿಬರುತ್ತೇವೆ. ನಾನು ಮತ್ತೆ ಮಿಷನ್ ಮೇಲೆ ಕೂತಿದ್ದೇನೆ. ಪೂರ್ತಿ ಹೋಗುವುದಿಲ್ಲವಂತೆ, ಹತೋಟಿಯಲ್ಲಿ ಇಡಬಹುದಂತೆ. ಇರಲಿ.

ಮೊನ್ನೆ ಅವ್ವ ಬೀದಿಕಟ್ಟೆ ಮೇಲೆ ಮೊಮ್ಮಗಳ ಜಡೆ ಬಿಚ್ಚಿ ಮುಲಾಮು ಹಚ್ಚುತ್ತಿದ್ದಳು. ಪಕ್ಕದ ಮನೆಯಾಕೆ ದೂರ ನಿಂತು ಏನದು ಎಂದು ಕೇಳಿದಳು.

"ನನ್ನ ಗಂಡನ ವಂಶದ್ದವ್ವ" ಎಂದಳು ಅವ್ವ, ತಲೆ ಎತ್ತದೆ. "ಹತ್ತಂಗಿಲ್ಲ. ಬಾ, ಬೇಕಾದ್ರ ಮುಟ್ಟಿ ನೋಡು."