ಠರಾವು ವಾಪಸ್ ಕಳಿಸಿದ ರಾಷ್ಟ್ರಪತಿ

ನಗಪಾ, ಹಲ್ಲ ಕಾಣಂಗ ನಗು. ರಾಷ್ಟ್ರಪತಿ ಆಗಾಕ ದಿಲ್ಲಿಗೇ ಹೋಗಬೇಕು, ಮುನ್ನೂರಾ ನಲವತ್ತ ಖೋಲಿ ಮನಿಯಾಗೇ ಇರಬೇಕು ಅಂತ ಯಾರ ಹೇಳಿದ್ರ ನಿನಗ? ನಮ್ಮ ಬನದಕೊಪ್ಪದಾಗ ಒಬ್ಬಾಕಿ ಅದಾಳ. ಖಾನಾಪುರ ತಾಲೂಕು, ಹಲಸಿ ದಾಟಿ ಎರಡ ಮೈಲಿ. ಏನು, ಪೇಪರ್‌ನ್ಯಾಗ ಬಂದಿಲ್ಲಾ? ಪೇಪರ್ ನಂಬತಿ, ನನ್ನ ನಂಬೂದಿಲ್ಲ. ಕುಂದರು. ಕೇಳು.

ಆಕಿ ಹೆಸರು ಮಾಯಕ್ಕ. ಕುರುಬರಾಕಿ. ಹುಟ್ಟಿದ್ದು ಕುರಿ ಹಟ್ಟಿಯಾಗ. ಹುಟ್ಟಿದ ಕೂಡ್ಲೇ ಒಮ್ಮೆ ಅತ್ತಳು ನೋಡು, ಕಣಕುಂಬಿ ಅಡವ್ಯಾಗ ಮಲಗಿದ್ದ ಹುಲಿ ಎದ್ದು ಗೋವಾಕ್ಕ ಓಡಿ ಹೋತು. ಇನ್ನೂ ತಿರುಗಿ ಬಂದಿಲ್ಲ. ಬೇಕಂದ್ರ ಕಣಕುಂಬಿಗೆ ಹೋಗಿ ಹುಡಿಕ್ಯಾಡು, ಆ ಹುಲಿ ಸಿಗೂದಿಲ್ಲ. ಇದಕ್ಕಿಂತ ಸಾಕ್ಷಿ ಬೇಕಾ?

ಅಷ್ಟ ದೊಡ್ಡ ದನಿ ಇದ್ದಾಕಿ ಲಗ್ನಾದ ಮ್ಯಾಲ ಮಾತೇ ಕಮ್ಮಿ ಮಾಡಿದ್ಲು. ನಾಕನೇತ್ತಾ ತನಕ ಸಾಲಿ ಕಲ್ತಿದ್ಲು. ಸಹಿ ಮಾಡಾಕ ಬರತಿತ್ತು, ಅದೂ ಸಂಜಿಕ ಹಟ್ಟಿಗೆ ಕುರಿ ಕೂಡಿದಂಗ, ಒಂದೊಂದೇ ಅಕ್ಷರ. ಆಕಿ ಗಂಡ ಒಬ್ಬ ಇದ್ದ. ಕಟ್ಟಿ ಮ್ಯಾಲ ಕುಂತ್ರ ಹುಲಿ, ದೊಡ್ಡವರು ಬಂದ್ರ ಬೆಕ್ಕಿನ ಮರಿ. ಅವನ ಸುದ್ದಿ ಬ್ಯಾಡ ಬಿಡು.

ಪಂಚಾಯತಿ ಕುರ್ಚಿ ಹೆಣ್ಣಮಕ್ಕಳಿಗೆ ಮೀಸಲ ಬಂತು. ಹಿಂದಿನ ಅಧ್ಯಕ್ಷ ಬಾಳಕೃಷ್ಣಗ ಹೊಟ್ಟ್ಯಾಗ ಕಿಚ್ಚ ಬಿದ್ದಂಗಾತು. ಊರಾಗ ಹೊಲ, ಬೆಳಗಾವಿ ಖಾಸಬಾಗನ್ಯಾಗ ಮನಿ, ಕಾಲಾಗ ಕರ್ರನ ಬೂಟು, ಅಂಥಾ ಮನಷ್ಯಾ. ವಿಚಾರ ಮಾಡಿದ. ಮಾತಾಡದಾಕಿ, ಓದದಾಕಿ ಯಾರದಾಳ? ಮಾಯಕ್ಕ. ಆಕಿನ್ನ ನಿಲ್ಲಿಸಿ ಆರಿಸಿ ತಂದು ಅಧ್ಯಕ್ಷಿ ಮಾಡಿದ, ತಾ ಉಪಾಧ್ಯಕ್ಷ ಆದ. ಮೊದಲ್ನೇ ದಿನಾನೇ ಎಲ್ಲಾರ ಮುಂದ ಅಂದ:

"ಮಾಯಕ್ಕಾ, ನೀ ಅಂದ್ರ ನಮ್ಮ ರಾಷ್ಟ್ರಪತಿ ಇದ್ದಂಗವಾ. ಕಾರಭಾರ ನಾವು ಮಾಡ್ತೇವಿ. ನೀ ಸಹಿ ಮಾಡು, ಚಾ ಕುಡಿ, ವರ್ಷಕ್ಕ ಎರಡ ಸಲ ಝಂಡಾ ಏರಸು."

ಮೆಂಬರ್‌ಗೋಳು ಟೇಬಲ್ ಬಡದು ನಕ್ಕರು. ಆ ಹೆಸರು ಊರೆಲ್ಲಾ ಹಬ್ಬಿತು. ನೀರಿಗೆ ಹೋದ್ರ, "ರಾಷ್ಟ್ರಪತಿ ಬಂದ್ರು, ಕೊಡ ಸರಸ್ರವಾ" ಅಂತಿದ್ರು. ಗಂಡನೂ ನಕ್ಕ, ಮೂರ್ಖ. ಮಾಯಕ್ಕನೂ ನಕ್ಕಳು. ಆದ್ರ ಒಳಗ ಜಾಲಿ ಮುಳ್ಳ ಮುರದಂಗಾಗಿತ್ತು.

ಆರ ತಿಂಗಳಿಗೆ ಒಂದ ಕಾಗದ ಬಂತು. ಊರ ಗಾಯರಾಣ, ಇಪ್ಪತ್ತ ಎಕರೆ ಹುಲ್ಲಗಾವಲ, ನಡಕ ಕೆರಿ. ಗೋವಾ ಕಡಿಂದ ಬಂದ ಒಬ್ಬ ಸಾವಕಾರಗ ಅಲ್ಲಿ ರೆಸಾರ್ಟ್ ಕಟ್ಟೂ ಆಸೆ. 'ನಮ್ಮ ತಕರಾರ ಏನಿಲ್ಲ' ಅಂತ ಪಂಚಾಯತಿ ಠರಾವು ಬೇಕು, ಅದರ ಕೆಳಗ ಮಾಯಕ್ಕನ ಸಹಿ ಬೇಕು.

"ಸೋಮವಾರ ಸಹಿ ಮಾಡಿ ಬಿಡವಾ," ಅಂದ ಬಾಳಕೃಷ್ಣ. "ಇಲ್ಲಂದ್ರ ಗೊತ್ತೈತಲಾ? ಕುರ್ಚಿ ಕೊಟ್ಟವರಿಗೆ ಕಸಗೊಳ್ಳಾಕೂ ಬರತೈತಿ."

ಅವತ್ತು ಕುರಿ ಮೇಸಾಕ ಹೋದಾಕಿ ಕೆರಿ ದಂಡಿಗೇ ಕುಂತ್ಲು. ಸಹಿ ಮಾಡಿದ್ರ ಊರ ಕುರಿಗೆಲ್ಲಾ ಹುಲ್ಲೂ ಇಲ್ಲ, ನೀರೂ ಇಲ್ಲ. ಮಾಡದಿದ್ರ ಕುರ್ಚಿ ಇಲ್ಲ. ಗಂಡನ್ನ ಕೇಳಿದ್ಲು. "ದೊಡ್ಡವರ ಕೂಡ ನಮಗ್ಯಾಕ, ಮಾಡಿಬಿಡು" ಅಂದ ಬೆಕ್ಕಿನ ಮರಿ.

ಮರುದಿನ ಹೆಗಲಿಗೆ ಒಂದ ಹೊಸಾ ಕಂಬಳಿ ಹಾಕ್ಕೊಂಡು ಬೆಳಗಾವಿ ಹಾದಿ ಹಿಡದ್ಲು. ಕಂಡಕ್ಟರ್ ಬಿಟ್ಟಿ ಟಿಕೀಟ ಕೊಟ್ಟ. ಎಲ್ಲಾ ಹೆಣ್ಣಮಕ್ಕಳಿಗೂ ಬಿಟ್ಟಿನೇ ಅಂತೀಯಾ? ಆದ್ರ ಈಕಿಗೆ ಸೆಲ್ಯೂಟ್ ಹೊಡದು ಕೊಟ್ಟ!

ಖಾಸಬಾಗನ್ಯಾಗ ಕುಂದಾ ಬಾಯಾರ ಮನಿ. ನಮ್ಮೂರ ಸಾಲ್ಯಾಗ ಇಪ್ಪತ್ತ ವರ್ಷ ಕಲಿಸಿ ರಿಟೈರ್ ಆದವರು. ಮಾಯಕ್ಕ ಹೋದಾಗ ಮೊರದಾಗ ಅಕ್ಕಿ ಹಸನ ಮಾಡಾಕತ್ತಿದ್ರು. ಕಂಬಳಿ ಅವರಿಗೆ ಕಾಣಿಕಿ ಅಂತ ಮುಂದಿಟ್ಟು ಕೇಳಿದ್ಲು:

"ಬಾಯಾರ, ರಾಷ್ಟ್ರಪತಿ ಅಂದ್ರ ಬರೇ ಸಹಿ ಮಾಡೂದೇನ್ರಿ?"

"ಯಾವ ಶಾಣ್ಯಾ ಹೇಳಿದ ನಿನಗ?" ಬಾಯಾರು ಮೊರಾ ಬಾಜೂಕ ಸರಿಸಿದ್ರು. "ಈಗಿನ ರಾಷ್ಟ್ರಪತಿ ಅಮ್ಮಾರು ಎಲ್ಲಿಂದ ಬಂದ್ರು ಗೊತ್ತೈತೇನ? ನನ್ನಂಗ ಸಾಲ್ಯಾಗ ಕಲಿಸಿದವರು. ಒಂದ ಸಣ್ಣ ಊರಿನ ನಗರ ಪಂಚಾಯತಿಗೆ ಮೆಂಬರ್ ಆದ್ರು, ನಿನ್ನಂಗ. ಆಮ್ಯಾಲ ಎಂಎಲ್‌ಎ, ಮಂತ್ರಿ. ಮುಂದ ಝಾರ್ಖಂಡದ ರಾಜ್ಯಪಾಲರು. ಅಲ್ಲಿ ಅಡವಿ ಮಂದಿ ಭೂಮಿ ಕಾಯ್ದೆ ಬದಲ ಮಾಡಾಕ ಸರಕಾರ ಕಾಗದ ಕಳಿಸಿತು. ಸಹಿ ಮಾಡಲಿಲ್ಲ ಅವರು. ಆ ಮಂದಿಗೆ ಇದರಿಂದ ಏನ ಫಾಯಿದೆ ಅಂತ ಕೇಳಿ, ಹೊಳ್ಳಿ ಕಳಿಸಿದ್ರು."

"ಆಮ್ಯಾಲ ಕುರ್ಚಿ ಹೋತೇನ್ರಿ?"

"ಹೋತ? ದಿಲ್ಲ್ಯಾಗ ಇನ್ನೂ ದೊಡ್ಡದ ಸಿಕ್ಕಿತಲ್ಲ!"

ಅಷ್ಟ ಸಾಕಾತು ಮಾಯಕ್ಕಗ. ಚಾ ಸುದ್ದಾ ಅರ್ಧಾ ಬಿಟ್ಟು ಎದ್ದಳು.

ಸೋಮವಾರ. ಹನ್ನೊಂದ ಮಂದಿ ಮೆಂಬರ್‌ಗೋಳು ಕೂಡಿದ್ರು. ಮಾಯಕ್ಕ ಕುರ್ಚಿ ಮ್ಯಾಲ ಕುಂದರ್ಲಿಲ್ಲ. ನೆಲದ ಮ್ಯಾಲ ಕರೀ ಕಂಬಳಿ ಹಾಸಿ, ನಡಕ ಆ ಕಾಗದಾ ಇಟ್ಟು, ಮ್ಯಾಲ ಒಂದ ಬೊಗಸಿ ಭಂಡಾರ, ದೇವರ ಅರಿಷಿಣ ಪುಡಿ, ಸುರದ್ಲು. ನಮ್ಮ ಕುರುಬರಾಗ ಕಂಬಳಿ ಹಾಸಿ ಭಂಡಾರ ಹಾಕಿದ್ರ ಅದು ಕುಲದೇವರು ಬೀರಪ್ಪನ ಗದ್ದಿಗಿ. ಅದರ ಮ್ಯಾಲ ಕೈಯಿಟ್ಟು ಸುಳ್ಳ ಹೇಳೂ ಗಂಡಸು ಈ ಸೀಮ್ಯಾಗ ಹುಟ್ಟಿಲ್ಲ. ನಾನೂ ಹೇಳೂದಿಲ್ಲ, ಅದಕ್ಕೇ ಕಂಬಳಿ ಕಂಡ್ರ ದೂರ ಕುಂದರ್ತೇನಿ.

"ಇದೇನ ಪಂಚಾಯತಿಯೋ, ಗುಡಿಯೋ?" ಬಾಳಕೃಷ್ಣ ಸಿಡಿದ.

"ಠರಾವು ವಾಪಸ್ ಕಳಸಾಕತ್ತೇನ್ರಿ. ರಾಷ್ಟ್ರಪತಿ ಅಂತ ನೀವೇ ಅಂದಿದ್ರಿ. ರಾಷ್ಟ್ರಪತಿಗೆ ಆ ಹಕ್ಕ ಐತಿ."

"ಅವಿಶ್ವಾಸ ತಂದು ಇಳಸ್ತೇವಿ ನಿನ್ನ!"

"ಇಳಸ್ರಿ. ಅದಕ್ಕಿಂತ ಮೊದಲ ಯಾರರೆ ಒಬ್ಬರು ಈ ಕಂಬಳಿ ಮ್ಯಾಲ ಕೈಯಿಟ್ಟು, ಊರ ಕುರಿಗೆ ಕೆರಿ ನೀರ ತಪ್ಪೂದಿಲ್ಲ ಅನ್ರಿ. ಈಗಿಂದೀಗ ಸಹಿ ಮಾಡಿ, ಕುರ್ಚಿನೂ ಬಿಟ್ಟು ಮನಿಗೆ ಹೋಗತೇನಿ."

ಬಾಳಕೃಷ್ಣ ನಾಗಲಿಂಗನ ಕಡೆ ನೋಡಿದ. ನಾಗಲಿಂಗ ಅವನ ಬಲಗೈ, ಆದ್ರ ಕುರುಬರಾಂವ. ಎದ್ದು ಬಂದ, ಬಗ್ಗಿದ, ಕೈ ಚಾಚಿದ. ಭಂಡಾರಕ್ಕ ಒಂದ ಗೇಣ ಇರೂದ್ರಾಗ ಕೈ ಹಿಂದಕ್ಕ ತಗೊಂಡ.

"ನನ್ನ ಕಡಿಂದ ಆಗೂದಿಲ್ಲಪಾ," ಅಂದ ನಾಗಲಿಂಗ. "ಕೆರಿಗೂ ತಂತಿ ಬೇಲಿ ಬರತೈತಿ. ನಕಾಶದಾಗ ನಾನೇ ನೋಡೇನಿ."

ರೇಣವ್ವ ಅಂತ ಒಬ್ಬಾಕಿ ಮೆಂಬರ್, ಆಕಿ ಕುರ್ಚಿ ಹಿಂದ ನೂಕಿ ಎದ್ದಳು. "ಏನ್ರೀ ಬಾಳಕೃಷ್ಣಣ್ಣಾ, ಕೆರಿ ಊರಿಗೇ ಇರತೈತಿ ಅಂತ ನಮ್ಮ ಕಡಿಂದ ಹೂಂ ಅನಿಸಿದ್ರಿ?"

"ಬಿಡ್ರಿ, ನಾನೇ ಇಡ್ತೇನಿ ಕೈಯಿ!" ಅಂತ ಬಾಳಕೃಷ್ಣ ಬೂಟ ಬಿಚ್ಚಿ ಬಂದು ಬಗ್ಗಿದ. ಅಷ್ಟ ಹೊತ್ತಿಗೆ ಹೊರಗ ಮಾಯಕ್ಕನ ಟಗರು ಒಮ್ಮೆ ಒದರಿತು ನೋಡು, ತನ್ನ ನಡಾ ಹಿಡಕೊಂಡು ಅಲ್ಲೇ ನಿಂತಬಿಟ್ಟ. ಟಗರಿಗೋ, ಬೀರಪ್ಪಗೋ, ಯಾರಿಗೆ ಅಂಜಿದ್ನೋ ದೇವರಿಗೇ ಗೊತ್ತು. ಮುಂದ ಬಗ್ಗಲಿಲ್ಲ.

ವಾಪಸ್ ಕಳಸಾಕ ಕೈ ಎತ್ರಿ ಅಂತ ಮಾಯಕ್ಕ ಅಂದಾಗ ಒಂಬತ್ತ ಕೈ ಮ್ಯಾಲ ಹೋದ್ವು. ನಾಗಲಿಂಗಂದೇ ಎಲ್ಲಾಕ್ಕಿಂತ ಮೊದಲ. ಹೊರಗ ಡೊಳ್ಳಿಗೆ ಪೆಟ್ಟ ಬಿತ್ತು. ಭಂಡಾರ ಎಷ್ಟ ಹಾರಿತು ಅಂದ್ರ ಮೂರ ದಿನಾ ಊರ ಕುರಿಯೆಲ್ಲಾ ಹಳದಿ ಕಂಡ್ವು. ಸಾವಕಾರ ಮತ್ತ ಈ ಕಡೆ ತಲಿ ಹಾಕಲಿಲ್ಲ. ಅವಿಶ್ವಾಸಕ್ಕ ಬಾಳಕೃಷ್ಣಗ ತನ್ನ ಬಿಟ್ಟು ಇನ್ನೊಂದ ಸಹಿ ಸಿಗಲಿಲ್ಲ.

ಈಗೂ ಊರ ಮಂದಿ ಆಕಿಗೆ ರಾಷ್ಟ್ರಪತಿ ಅಂತಾರ, ಆದ್ರ ಎದ್ದು ನಿಂತು ಅಂತಾರ. ಜನೇವರಿ ಇಪ್ಪತ್ತಾರಕ್ಕ ಆಕಿ ಝಂಡಾ ಏರಿಸಿದಾಗ ಗಾಯರಾಣದಾಗ ಎಂಬತ್ತ ಕುರಿ ಎರಡ ಸಾಲ ಹಚ್ಚಿ ನಿಂತಿದ್ವು, ಕಿವಿ ನೆಟ್ಟಗ ಮಾಡಿ. ಖರೇ! ಟಗರು ಅಂತೂ ಮುಂಗಾಲ ಎತ್ತಿ...

"ಏನ್ರೀ! ರೊಟ್ಟಿ ಆರಾಕತ್ಯಾವ. ಒಬ್ಬರೇ ಯಾರ ಕೂಡ ಮಾತಾಡಾಕತ್ತೀರಿ? ಏಳ್ರಿ ಊಟಕ್ಕ!"

ಕೇಳಿದೇನಪಾ ದನಿ? ಹುಲಿ ಸುಮ್ನ ಓಡಲಿಲ್ಲ. ಬಂದ್ನಿ, ಮಾಯಕ್ಕಾ, ಬಂದ್ನಿ! ಬಾಳಕೃಷ್ಣನ ಠರಾವು ವಾಪಸ್ ಕಳಿಸಿದಾಕಿಗೆ ಈ ಬೆಕ್ಕಿನ ಮರಿ ತಾಟ ವಾಪಸ್ ಕಳಸಾಕ ಎಷ್ಟೊತ್ತು?