ಅಟ್ರಾಕ್ಟಾ ಹೇಳಿದ ಒಂದು ಮಾತು

ನಮ್ಮ ಡ್ರಮ್‌ಕೀಲದಲ್ಲಿ ಓಟು ಕೇಳಲು ಬಂದವರಿಗೆ ಯಾರೂ 'ಇಲ್ಲ' ಅನ್ನುವುದಿಲ್ಲ. ಬಾಗಿಲು ತೆಗೆಯುತ್ತಾರೆ, ಮಳೆಯ ಬಗ್ಗೆ ಎರಡು ಮಾತಾಡುತ್ತಾರೆ, ಕರಪತ್ರ ಇಸಿದುಕೊಳ್ಳುತ್ತಾರೆ, 'ನೋಡೋಣ, ನಿಮ್ಮನ್ನ ಮರೀತೀವಾ' ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಹಾಗೆಂದರೆ ಇಲ್ಲ ಎಂದೇ ಅರ್ಥ. ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಐರ್ಲೆಂಡಿನ ನಡುಭಾಗದ ಇಷ್ಟು ಸಣ್ಣ ಊರಿನಲ್ಲಿ ಮುಖ ಮುರಿದುಕೊಂಡು ಬಾಳಲಾಗುವುದಿಲ್ಲ. ಇವತ್ತು ಇಲ್ಲ ಅಂದವನ ಜೊತೆಯಲ್ಲೇ ನಾಳೆ ಯಾರದೋ ಶವಪೆಟ್ಟಿಗೆಗೆ ಹೆಗಲು ಕೊಡಬೇಕಾಗುತ್ತದೆ.

ಈ ವಿದ್ಯೆಯಲ್ಲಿ ಅಟ್ರಾಕ್ಟಾ ಗಿಲ್‌ಹೂಲಿಯಷ್ಟು ಪಳಗಿದವರು ಊರಲ್ಲಿ ಇನ್ನೊಬ್ಬರಿಲ್ಲ. ನನ್ನ ಪಕ್ಕದ ಮನೆಯವಳು, ನಡುವೆ ಒಂದೇ ಗೋಡೆ. ಅವಳು ಕೆಮ್ಮಿದರೆ ನನಗೆ ಕೇಳುತ್ತದೆ. ಅಪ್ಪನ ಬೆರಳು ಹಿಡಿದುಕೊಂಡು ಮನೆಮನೆ ತಿರುಗಿ ಓಟು ಕೇಳಲು ಕಲಿತವಳು. ಗಂಡ ಸತ್ತ ವರ್ಷವೂ ಕಪ್ಪು ಕೋಟು ಹಾಕಿಕೊಂಡೇ ಪಕ್ಷದ ಕೆಲಸಕ್ಕೆ ಹೊರಟಿದ್ದಳು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ತಾಯಿ ಹಾಸಿಗೆ ಹಿಡಿದಿದ್ದಾಳೆ, ಯಾರ ಮುಂದೆ ಯಾವ ಮಾತು ಎತ್ತಬಾರದು, ಎಲ್ಲ ಅವಳಿಗೆ ಗೊತ್ತು. ಗೇಟು ಹಾಕದೆ ಹೊರಬಂದ ಹುಡುಗರಿಗೆ ನಡುರಸ್ತೆಯಲ್ಲೇ ಮಂಗಳಾರತಿ ಆಗುತ್ತಿತ್ತು.

ನನ್ನ ಬಾಗಿಲನ್ನೂ ಅವಳು ಬಿಟ್ಟವಳಲ್ಲ. ನಾನು ಹುಟ್ಟಾ ವಿರೋಧ ಪಕ್ಷದವನು. ಅವಳ ಪಕ್ಷದ ಸರ್ಕಾರವೇ ಜೌಗುನೆಲದಿಂದ ಪೀಟ್ ಎಂಬ ಉರುವಲು ಮಣ್ಣು ತೆಗೆಯುವ ಕಾರ್ಖಾನೆ ಮುಚ್ಚಿ ನನ್ನನ್ನು ಮನೆಗೆ ಕಳಿಸಿದ ಮೇಲಂತೂ ಅದರ ಹೆಸರೆತ್ತಿದರೆ ನನಗೆ ಮೈಯೆಲ್ಲ ಉರಿ. ಆದರೂ ಪ್ರತಿ ಚುನಾವಣೆಯಲ್ಲೂ ಅವಳು ಮುಂಬಾಗಿಲಿಗೇ ಬಂದು ಬೆಲ್ ಒತ್ತುತ್ತಿದ್ದಳು. ಗುರುತೇ ಇಲ್ಲದವಳ ಹಾಗೆ ನೆಟ್ಟಗೆ ನಿಂತು ಶಾಲೆಗೆ ಇಷ್ಟು ಮಾಡಿದೆವು, ಮನೆಗಳಿಗೆ ಇಷ್ಟು, ಉದ್ಯೋಗಕ್ಕೆ ಇಷ್ಟು ಎಂದು ಪೂರ್ತಿ ಒಪ್ಪಿಸುತ್ತಿದ್ದಳು. ನಾನೂ ಗಂಭೀರವಾಗಿ ಕೇಳಿ 'ನೋಡೋಣ' ಅನ್ನುತ್ತಿದ್ದೆ. ಆಮೇಲೆ ಹಿತ್ತಲ ಬಾಗಿಲಿಂದ ಒಳಗೆ ಬಂದು ನನ್ನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಜಗಳಕ್ಕೆ ಕೂರುತ್ತಿದ್ದಳು.

ಅವಳ ಒಬ್ಬಳೇ ಮಗಳು ಮ್ಯೂರನ್. ಆಸ್ಪತ್ರೆ ಸಾಮಾನು ತಯಾರಿಸುವ ಕಾರ್ಖಾನೆಯಲ್ಲಿ ಖಾಯಂ ಕೆಲಸ, ಗಂಡ ಬಿಟ್ಟುಹೋಗಿದ್ದಾನೆ, ಒಂಬತ್ತು ವರ್ಷದ ಮಗಳು ರೋಷಿನ್. ಬಾಡಿಗೆ ಮನೆಯ ಯಜಮಾನ ಮನೆ ಮಾರುತ್ತೇನೆ ಎಂದು ಇವರನ್ನು ಎಬ್ಬಿಸಿದಾಗ ಇಡೀ ಊರಿನಲ್ಲಿ ಬಾಡಿಗೆಗೆ ಒಂದು ಮನೆಯೂ ಇರಲಿಲ್ಲ. ತಾಯಿಯ ಮನೆಗೇ ಬಂದರು. ಅಲ್ಲಿ ಮಹಡಿಯ ಮೇಲೆ ಪೆಟ್ಟಿಗೆಯಂಥ ಒಂದು ಕೋಣೆ, ಉತ್ತರದ ಗೋಡೆಗೆ ಸದಾ ಬೂಷ್ಟು. ಮಗುವಿಗೆ ಉಬ್ಬಸ ಹಿಡಿಯಿತು. ಅದು ಉಸಿರೆಳೆದುಕೊಳ್ಳುವುದು ಗೋಡೆಯಾಚೆ ಮಲಗಿದ್ದ ನನಗೂ ಕೇಳುತ್ತಿತ್ತು. ಎರಡು ಚಳಿಗಾಲ ಹಾಗೇ ಕಳೆದರು. ಕೌನ್ಸಿಲು ಕಡಿಮೆ ಬಾಡಿಗೆಗೆ ಕೊಡುವ ಮನೆಗೆ ಹೆಸರು ಬರೆಸಿದ್ದರೂ ಸರದಿ ಮುಂದೆ ಸರಿಯಲಿಲ್ಲ.

ಆಗ ಅಟ್ರಾಕ್ಟಾ ಹೋಗಿದ್ದು ಕಾರ್ಮಕ್ ಟೈಮನ್ ಹತ್ತಿರ. ಅವಳೇ ಮನೆಮನೆ ಹತ್ತಿ ಕೌನ್ಸಿಲರ್ ಮಾಡಿದ ಹುಡುಗ. ಕೆಟ್ಟವನೆಂದು ನಾನು ಹೇಳಲಾರೆ, ಹೇಳಬೇಕೆಂದು ಆಸೆಯೇನೋ ಇದೆ. ತಾಯಿಯ ಮನೆಯಲ್ಲಿ ಇರುವವರು ಕೌನ್ಸಿಲಿನ ಲೆಕ್ಕದಲ್ಲಿ ಮನೆಯಿಲ್ಲದವರಲ್ಲ, ತಾಯಿ ಇಟ್ಟುಕೊಳ್ಳುವುದಿಲ್ಲ ಅಂದರೆ ಮಾತ್ರ ಹೆಸರು ಮೇಲೆ ಹೋಗುತ್ತದೆ, ಕಚೇರಿಗೆ ಹೋಗಿ ಹಾಗೊಂದು ಮಾತು ಹೇಳಿಬಿಡಿ ಎಂದು ಅವನು ದಾರಿ ತೋರಿಸಿದ. ಅಟ್ರಾಕ್ಟಾಗೆ ಇದು ಚೆನ್ನಾಗಿ ಗೊತ್ತಿದ್ದ ಆಟದ ಹಾಗೆ ಕಂಡಿತು. ಬಾಗಿಲಲ್ಲಿ ನಿಂತು ಮನಸ್ಸಿನಲ್ಲಿ ಇಲ್ಲದ್ದನ್ನು ಹೇಳುವುದು, ಕೇಳುವವರು ಅದನ್ನು ಅರ್ಥ ಮಾಡಿಕೊಳ್ಳುವುದು. ಜೀವಮಾನವಿಡೀ ಮಾಡಿದ್ದೇ ಅದಲ್ಲವೇ.

ಶಾಲೆಗೆ ರಜೆ ಇದ್ದ ದಿನ. ಮಗುವನ್ನು ಬಿಟ್ಟುಹೋಗಲು ಜಾಗವಿಲ್ಲದೆ ಕರೆದುಕೊಂಡೇ ಹೋದರು. ಕಾರು ಓಡಿಸಿದವನು ನಾನು, ಹಾಗಾಗಿ ನಾನೂ ಅಲ್ಲೇ ಕುರ್ಚಿಯಲ್ಲಿ ಕುಳಿತಿದ್ದೆ. ಕೌಂಟರಿನ ಹುಡುಗಿ ಮೃದುವಾಗಿಯೇ ಮಾತಾಡಿದಳು. ನಿಮ್ಮ ಬಾಯಿಂದಲೇ ಕೇಳಬೇಕು ಎಂಬ ನಿಯಮವಿದೆ, ಬೇಜಾರು ಮಾಡಿಕೊಳ್ಳಬೇಡಿ ಎಂದಳು.

"ಇವರಿಬ್ಬರನ್ನ ಮನೇಲಿ ಇಟ್ಕೊಳ್ಳೋಕೆ ನಿಮಗೆ ಇಷ್ಟ ಇಲ್ವಾ?"

"ಇಲ್ಲ" ಎಂದಳು ಅಟ್ರಾಕ್ಟಾ. "ಇಟ್ಕೊಳ್ಳಲ್ಲ. ಹೊರಗೆ ಹೋಗ್ಲಿ."

ಅಷ್ಟು ಸಲೀಸಾಗಿ ಹೇಳಿದ್ದು ನೋಡಿ ನಾನೇ ಬೆಚ್ಚಿದೆ. ರೋಷಿನ್ ಅಜ್ಜಿಯ ಮುಖವನ್ನೇ ನೋಡುತ್ತಿತ್ತು. ಹೊರಗೆ ಬಂದ ಮೇಲೆ ಅಟ್ರಾಕ್ಟಾ ಅದರ ಟೋಪಿ ಸರಿಮಾಡಿ, ಅದೆಲ್ಲ ಸುಮ್ಮನೆ ಹೇಳಿದ್ದು ಪುಟ್ಟಾ, ದೊಡ್ಡವರು ಹಾಗೆ ಹೇಳುತ್ತಿರುತ್ತಾರೆ ಎಂದಳು. ಮಗು ತಲೆಯಾಡಿಸಿತು. ಮೂವರಿಗೂ ಐಸ್‌ಕ್ರೀಮ್ ಕೊಡಿಸಿದಳು, ಜನವರಿಯ ಚಳಿಯಲ್ಲಿ.

ಕೌಂಟರು ಅವಳ ಮಾತನ್ನು ನಂಬಿತು. ವಾರ ಕಳೆಯುವುದರೊಳಗೆ ಮ್ಯೂರನ್‌ಗೆ ತುರ್ತು ವಸತಿ ಸಿಕ್ಕಿತು: ಬ್ಯಾಲಿನಾರ್ಡಿನ ಒಂದು ಹೋಟೆಲಿನಲ್ಲಿ ಒಂದು ಕೋಣೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರ. ಒಲೆ ಇಲ್ಲ, ನೆಂಟರು ಮೇಲೆ ಬರುವ ಹಾಗಿಲ್ಲ. ಇವರು ಓಡಾಡಬೇಕಾದ್ದು ಹಿಂದಿನ ಬಾಗಿಲಿಂದ. ದಿನಾ ಸಂಜೆ ಏಳರೊಳಗೆ ತಾಯಿ ಮಗಳಿಬ್ಬರೂ ಹಾಜರಿ ಹಾಕಬೇಕು, ತಪ್ಪಿದರೆ ಕೋಣೆ ಇನ್ನೊಬ್ಬರಿಗೆ. ಬೆಳಿಗ್ಗೆ ಕತ್ತಲಲ್ಲೇ ಎದ್ದು ಡ್ರಮ್‌ಕೀಲಕ್ಕೆ ಬರುವುದು, ಒಬ್ಬಳು ಕಾರ್ಖಾನೆಗೆ, ಇನ್ನೊಬ್ಬಳು ಶಾಲೆಗೆ. ಶಾಲೆ ಬಿಟ್ಟ ಮೇಲೆ ಮಗು ಲೈಬ್ರರಿಯಲ್ಲಿ ಕಾಯುತ್ತಿತ್ತು. ಅಜ್ಜಿಯ ಮನೆ ಎರಡು ಬೀದಿ ಆಚೆ. ಆದರೆ ಅಲ್ಲಿಗೆ ಹೋಗಬಾರದೆಂದು ಮ್ಯೂರನ್ ಕಟ್ಟುನಿಟ್ಟು ಮಾಡಿದ್ದಳು. ಹೊರಗೆ ಹಾಕಿದ ಅಜ್ಜಿಯ ಮನೆಗೆ ದಿನಾ ಹೋಗಿಬರುತ್ತಾರೆ ಎಂದು ಯಾರಾದರೂ ಕೌನ್ಸಿಲಿಗೆ ಹಚ್ಚಿಕೊಟ್ಟರೆ ಪಟ್ಟಿಯಿಂದ ಹೆಸರೇ ಹೋಗಿಬಿಡುತ್ತದೆಂಬ ಭಯ. ನಮ್ಮ ಊರಿನವರನ್ನು ಬಲ್ಲವನಾಗಿ ಹೇಳುತ್ತೇನೆ, ಆ ಭಯ ಸುಳ್ಳಲ್ಲ.

ಮೇಲಿನ ಆ ಕೋಣೆ ಖಾಲಿ ಬಿತ್ತು. ಗೋಡೆಯಾಚೆ ಈಗ ಏನೂ ಕೇಳುತ್ತಿರಲಿಲ್ಲ. ಬೇಸಿಗೆ ಬಂದರೂ ಮನೆಯ ಸುದ್ದಿಯಿಲ್ಲ.

ಶರತ್ಕಾಲದಲ್ಲಿ ಸಂಸತ್ತಿಗೆ ಚುನಾವಣೆ ಬಂತು. ಕಾರ್ಮಕ್‌ಗೇ ಟಿಕೆಟ್ಟು. ಯಾವಾಗಲಿನ ಹಾಗೆ ಪ್ರಚಾರ ಹೊರಡುವುದು ಅಟ್ರಾಕ್ಟಾಳ ಅಡುಗೆಮನೆಯಿಂದ, ಅವಳು ಮಾಡಿದ ಸೋಡಾ ಬ್ರೆಡ್ಡು ತಿಂದು, ಚಹಾ ಕುಡಿದು. ಈ ಸಲವೂ ಅವಳು ಇಲ್ಲ ಅನ್ನಲಿಲ್ಲ. ಅವನು ಗೆದ್ದರೆ ಮಗಳ ಪರವಾಗಿ ಒಂದು ಮಾತು ಹಾಕಬಹುದು ಎಂದು ನನ್ನ ಹತ್ತಿರ ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಕರಪತ್ರ ನಾನು ಓದಿದೆ. ಮೂರು ವಿಷಯ, ಮೂರು ಬಣ್ಣದ ಚೌಕ. ಶಿಕ್ಷಣ: ಡ್ರಮ್‌ಕೀಲದ ಮಕ್ಕಳಿಗೆ ಹೊಸ ಶಾಲೆ ಕಟ್ಟಡ. ಆರ್ಥಿಕತೆ: ದುಡಿಯುವ ಕೈಗೆಲ್ಲ ಕೆಲಸ. ವಸತಿ: ಡ್ರಮ್‌ಕೀಲದಲ್ಲಿ ಇಂದು ಹೋಟೆಲ್ ಕೋಣೆಯಲ್ಲಿ ಬದುಕುವ ಕುಟುಂಬ ಒಂದೂ ಇಲ್ಲ. ಒಂದೂ ಸುಳ್ಳಲ್ಲ, ನನಗೆ ಉರಿದದ್ದೇ ಅದಕ್ಕೆ. ರೋಷಿನ್ ಹೋಗುತ್ತಿದ್ದದ್ದು ಆ ಹೊಸ ಕಟ್ಟಡಕ್ಕೇ, ಅದರ ಅಮ್ಮನಿಗೆ ಕೆಲಸ ಇದ್ದೇ ಇತ್ತು, ಅವರ ಹೋಟೆಲು ಮಾತ್ರ ಬೇರೆ ಊರಿನಲ್ಲಿತ್ತು.

ಪ್ರಚಾರದ ಎರಡನೇ ವಾರ, ಒಂದು ಗುರುವಾರ ಸಂಜೆ. ಕಾರ್ಮಕ್ಕೂ ಅವನ ಹುಡುಗರೂ ಅಡುಗೆಮನೆಯಲ್ಲಿ ಚಹಾ ಹಿಡಿದು ನಿಂತಿದ್ದಾಗ ಮ್ಯೂರನ್ ಫೋನು ಮಾಡಿದಳು. ಲೈಬ್ರರಿಯಲ್ಲಿ ಮಗು ಇಲ್ಲ, ಬಸ್ಸು ಹೋಗಿಬಿಟ್ಟಿತು, ಏಳಕ್ಕೆ ಹಾಜರಿ. ಅಟ್ರಾಕ್ಟಾ ಗೋಡೆ ಬಡಿದು ನನ್ನನ್ನು ಕರೆದಳು. ಕಾರಿನ ಕೀಲಿ ಹಿಡಿದು ಓಡಿಹೋದೆ. ಮಗುವನ್ನು ಹುಡುಕಲು ಹುಡುಗರನ್ನು ಅಟ್ಟುವಷ್ಟರಲ್ಲಿ ಮಹಡಿಯ ಮೇಲೆ ಯಾರೋ ಕೆಮ್ಮಿದ ಹಾಗಾಯಿತು. ಆ ಕೆಮ್ಮು ನಮ್ಮಿಬ್ಬರಿಗೂ ಗೊತ್ತಿದ್ದದ್ದೇ.

ಹೂಕುಂಡದ ಕೆಳಗಿನ ಕೀಲಿ ತೆಗೆದು, ಅಜ್ಜಿ ಅಂಗಡಿಗೆ ಹೋಗಿದ್ದಾಗ ರೋಷಿನ್ ಒಳಗೆ ಬಂದಿತ್ತು. ಶೂ ಬಿಚ್ಚಿ ಮಂಚದ ಕೆಳಗೆ ಜೋಡಿಸಿಟ್ಟು, ತನ್ನ ಹಳೆಯ ರಜಾಯಿ ಹೊದ್ದು ಮಲಗಿತ್ತು. ಕೋಣೆಯಲ್ಲಿ ಅದೇ ಬೂಷ್ಟಿನ ವಾಸನೆ. ಅಟ್ರಾಕ್ಟಾ ಒಳಗೆ ಹೋದಳು. ನಾನು ಬಾಗಿಲಲ್ಲೇ ನಿಂತೆ, ನನ್ನ ಹಿಂದೆ ಮೆಟ್ಟಿಲ ಮೇಲೆ ಕಾರ್ಮಕ್.

"ಏಳು ಪುಟ್ಟಾ, ಶೂ ಹಾಕ್ಕೋ. ಅಮ್ಮ ಬಸ್‌ಸ್ಟಾಪಲ್ಲಿ ಕಾಯ್ತಿದಾಳೆ."

"ಇವತ್ತೊಂದಿನ ಇಲ್ಲೇ ಇರ್ತೀನಿ ಅಜ್ಜಿ."

"ಆಗಲ್ಲ ಕಣೆ. ಕೋಣೆ ಹೋಗ್ಬಿಡತ್ತೆ."

ರೋಷಿನ್ ರಜಾಯಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅಳಲಿಲ್ಲ. "ಆವತ್ತು ಆ ಆಂಟಿ ಹತ್ರ ಸುಮ್ನೆ ಹೇಳಿದ್ದು ಅಂದಿದ್ದೆ ಅಲ್ವಾ. ಈಗ್ಲೂ ಸುಮ್ನೇನಾ?"

ಅಟ್ರಾಕ್ಟಾ ಮಂಡಿಯೂರಿ ಶೂ ಈಚೆಗೆ ತೆಗೆದಳು. ಸೊಂಟದ ನೋವಿನವಳು, ಹಾಗೆ ಕೂರುವುದು ಅವಳಿಗೆ ಕಷ್ಟ.

"ಇಲ್ಲ ಪುಟ್ಟಾ" ಎಂದಳು. "ಈಗ ನಿಜವಾಗ್ಲೂ ಹೇಳ್ತಿದೀನಿ. ಹೋಗ್ಬೇಕು."

ಮಗು ಕಾಲು ಚಾಚಿತು. ಅವಳು ಶೂ ತೊಡಿಸಿ ಲೇಸು ಕಟ್ಟಿದಳು. ಕಾರ್ಮಕ್ ಗೋಡೆಗೆ ಒತ್ತಿಕೊಂಡು ನಿಂತು ದಾರಿ ಬಿಟ್ಟ. ನಾಳೆ ಬೆಳಿಗ್ಗೆಯೇ ಯಾರಿಗಾದರೂ ಫೋನು ಮಾಡುತ್ತೇನೆ ಎಂದು ಏನೋ ತೊದಲಿದ. ಅವಳು ಅವನತ್ತ ತಿರುಗಿ, ಬಾಗಿಲಲ್ಲಿ ಜನ ಹೇಳುವ ಹಾಗೇ, "ಮಾಡಪ್ಪಾ, ನೋಡೋಣ" ಎಂದಳು.

ಬಸ್‌ಸ್ಟಾಪಿನಲ್ಲಿ ಮ್ಯೂರನ್ ಹತ್ತಿಕೊಂಡು ಮಗುವನ್ನು ತನ್ನತ್ತ ಎಳೆದುಕೊಂಡಳು. ನಾನು ಆಕ್ಸಿಲರೇಟರಿನಿಂದ ಕಾಲೆತ್ತದೆ ಕಾರು ಓಡಿಸಿದೆ. ಏಳಕ್ಕೆ ಸ್ವಲ್ಪ ಮುಂಚೆ ತಲುಪಿ, ಕಸದ ಡಬ್ಬಿಗಳ ಪಕ್ಕದ ಆ ಹಿಂಬಾಗಿಲಲ್ಲಿ ಇಬ್ಬರನ್ನೂ ಇಳಿಸಿದೆವು. ಅಟ್ರಾಕ್ಟಾ ಬ್ರೆಡ್ಡಿನ ಚೀಲ ಕೊಡಲು ಕಿಟಕಿ ಇಳಿಸಿದಳು. ರೋಷಿನ್ ಅಪರಿಚಿತರಿಂದ ಇಸಿದುಕೊಳ್ಳುವ ಹಾಗೆ ಅದನ್ನು ಎರಡು ಕೈಯಲ್ಲಿ ಇಸಿದುಕೊಂಡು, ಥ್ಯಾಂಕ್ಸ್ ಎಂದು ಒಳಗೆ ಹೋಯಿತು. ವಾಪಸು ಬರುವಾಗ ದಾರಿಯುದ್ದಕ್ಕೂ ಅಟ್ರಾಕ್ಟಾ ಅತ್ತಳು.

ಆದರೂ ಪ್ರಚಾರ ಬಿಡಲಿಲ್ಲ ಅವಳು. ಬಿಟ್ಟರೆ ಇದ್ದ ಒಂದು ಎಳೆಯೂ ಹೋಗುತ್ತಿತ್ತು. ಚುನಾವಣೆಯ ಹಿಂದಿನ ಶನಿವಾರ ನನ್ನ ಮುಂಬಾಗಿಲ ಬೆಲ್ಲು ಹೊಡೆಯಿತು. ಅದೇ ಕೋಟು, ಕೈಯಲ್ಲಿ ಅದೇ ಕರಪತ್ರ. ಶಾಲೆ, ಮನೆ, ಉದ್ಯೋಗ ಎಲ್ಲ ಒಪ್ಪಿಸುತ್ತಾಳೆಂದು ನಾನು ಬಾಗಿಲು ಹಿಡಿದು ನಿಂತೆ. ಅವಳು ಕರಪತ್ರ ಮಾತ್ರ ಕೊಟ್ಟಳು. ಹಳೆಯ ರೂಢಿಯಂತೆ ನಾನು ನೋಡೋಣ ಅಂದೆ.

"ಹಾಗನ್ಬೇಡ ಕ್ಲೆಮ್. ಹಾಕಲ್ಲ ಅಂತಿದ್ರೆ ಹಾಕಲ್ಲ ಅನ್ನು. ಇನ್ಮೇಲೆ ನನ್ನ ಹತ್ರ ಯಾರೂ ಸುಮ್ನೆ ಹೇಳೋದು ಬೇಡ."

ಅಷ್ಟು ವರ್ಷಗಳಲ್ಲಿ ಆ ಬಾಗಿಲಲ್ಲಿ ಅವಳಿಗೆ ನಾನು ಹೇಳದೆ ಉಳಿಸಿಕೊಂಡಿದ್ದ ಮಾತು ಅದೊಂದೇ.

"ಹಾಕಲ್ಲ, ಅಟ್ರಾಕ್ಟಾ."

ಅವಳು ತಲೆಯಾಡಿಸಿ ಮೆಟ್ಟಿಲಿಳಿದು ಗೇಟು ಹಾಕಿಕೊಂಡು ಮುಂದಿನ ಮನೆಗೆ ಹೋದಳು. ಹಿತ್ತಲ ಬಾಗಿಲಿಂದ ಬರಬಹುದೆಂದು ಕೆಟಲ್ ಇಟ್ಟುಕೊಂಡು ಕಾದೆ. ಬರಲಿಲ್ಲ.