ಸದ್ದಿಲ್ಲದ ವಿಡಿಯೋದಲ್ಲಿ ಕೇಳಿದ ಮಾತು

ನಂಬುವವರು ನಂಬಿ, ಬಿಡುವವರು ಬಿಡಿ. ನಾನು ನಿದ್ದೆಗಣ್ಣಿನಲ್ಲಿರಲಿಲ್ಲ, ಕನಸೂ ಕಂಡಿಲ್ಲ. ನೆವಾರ್ಕ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಅಡುಗೆಮನೆಯ ಟೇಬಲ್ಲಿನ ಮುಂದೆ ಕೂತಿದ್ದಾಗ ಇದು ನನಗೇ ಆದದ್ದು.

ನನ್ನ ಹೆಸರು ಶಾಹೀನ್, ಊರು ಮೈಸೂರು. ಇಲ್ಲಿನ ಕೋರ್ಟು, ಆಸ್ಪತ್ರೆಗಳಿಗೆ ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡಿಕೊಡುವುದು ನನ್ನ ಕೆಲಸ. ಒಮ್ಮೆ ಒಬ್ಬ ವಕೀಲೆ ಪೊಲೀಸ್ ವಿಡಿಯೋ ಒಂದನ್ನು ಕಳಿಸಿದರು.

ಅದರಲ್ಲಿದ್ದವರು ಮಂಜುನಾಥ್ ಅಂತ. ರೆಡ್‌ವುಡ್ ಸಿಟಿಯ ಆಫೀಸಿನಿಂದ ಮನೆಗೆ ಬರುವಾಗ ಶುಗರ್ ತೀರಾ ಇಳಿದು, ಸೇತುವೆ ದಾಟಿ ಕೊಲ್ಲಿಯ ಈ ದಡಕ್ಕೆ ಬಂದ ಮೇಲೆ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದ್ದರು. ಕುಡಿದಿದ್ದಾರೆ ಅಂದುಕೊಂಡ ಪೊಲೀಸರು ಎಳೆದು ಕೋಳ ಹಾಕಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಅವರು ಸಹಾಯ ಕೇಳಿದ್ದರೇ ಇಲ್ಲವೇ? ಹೆಂಡತಿ ಸುಮಾ ಈ ವಕೀಲೆಯ ಮೂಲಕ ಪೊಲೀಸರ ಮೇಲೆ ಹಾಕಿದ್ದ ಕೇಸು ನಿಂತಿದ್ದೇ ಅದರ ಮೇಲೆ.

ಮಕ್ಕಳು ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತೆ.

ಪೊಲೀಸರ ಎದೆಯ ಮೇಲಿನ ಆ ಕ್ಯಾಮೆರಾ, ಬಟನ್ ಒತ್ತುವುದಕ್ಕೆ ತುಸು ಮುಂಚಿನ ದೃಶ್ಯವನ್ನೂ ಉಳಿಸಿಕೊಂಡಿರುತ್ತದೆ. ಆ ಭಾಗದಲ್ಲಿ ಚಿತ್ರ ಮಾತ್ರ, ಸದ್ದು ಇರುವುದಿಲ್ಲ. ಒತ್ತಿದ ಮೇಲೆಯೇ ಸದ್ದು ಶುರು.

ಕೆಂಪು, ನೀಲಿ ಬೆಳಕು... ಇಳಿಸಿದ ಕಿಟಕಿ... ಬೆವೆತು ಹೋದ ಮುಖ. ತುಟಿಗಳು ಅಲುಗುತ್ತಿದ್ದವು.

ಹೆಡ್‌ಫೋನಿನಲ್ಲಿ ಯಾರೋ ಉಸಿರೆಳೆದುಕೊಂಡರು.

"ಸಕ್ಕರೆ... ಡ್ಯಾಶ್‌ಬೋರ್ಡಲ್ಲಿ ಕಲ್ಲುಸಕ್ಕರೆ ಇದೆ... ನನ್ನ ಕೈ ಆಡ್ತಿಲ್ಲ..."

ಸ್ಪಷ್ಟವಾದ ಕನ್ನಡ. ಆಮೇಲೆ ಆ ಮುಖ ಮೆಲ್ಲಗೆ ಕ್ಯಾಮೆರಾ ಕಡೆಗೆ ತಿರುಗಿತು. ತುಟಿಗಳು ನಿಂತುಹೋಗಿದ್ದವು. ಆದರೂ ಮಾತು ಬಂತು... ನನ್ನ ಕಿವಿಯ ಪಕ್ಕದಲ್ಲೇ.

"ಅಕ್ಕಾ... ನೀವಾದ್ರೂ ಹೇಳಿ ಇವ್ರಿಗೆ."

ಅಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಮರುಕ್ಷಣ ಫ್ರೀವೇಯ ಭೋರ್ಗರೆತ, ಪೊಲೀಸರ ಕೂಗು. ಮಂಜುನಾಥ್ ಬರೀ ನರಳುತ್ತಿದ್ದರು, ಒಂದೇ ಒಂದು ಮಾತಿಲ್ಲ. ಕಿಟಕಿಗಳೆಲ್ಲ ಮುಚ್ಚಿದ್ದರೂ ಅಡುಗೆಮನೆ ತುಂಬ ಕೊಲ್ಲಿಯ ಉಪ್ಪು ಕೆಸರಿನ ವಾಸನೆ. ಹಿಂದಕ್ಕೆ ಎಳೆದು ಮತ್ತೆ ಕೇಳಿದೆ. ಅದೇ ಮಾತು. ಎಲ್ಲವನ್ನೂ ಟೈಪ್ ಮಾಡಿ ಕಳಿಸಿದೆ.

ಮರುದಿನ ವಕೀಲೆ ಫೋನ್ ಮಾಡಿ, ಆ ಭಾಗದಲ್ಲಿ ಸದ್ದೇ ಇಲ್ಲವಲ್ಲ ಎಂದರು. ಹಗಲಲ್ಲಿ ನಾನೂ ಕೇಳಿದೆ. ಏನೂ ಇಲ್ಲ.

ತಡೆಯಲಾರದೆ ಸುಮಾ ಅವರಿಗೆ ಫೋನ್ ಮಾಡಿದೆ.

"ಕಾರು ಎಲ್ಲಿದೆ ಸುಮಾ?"

"ಗ್ಯಾರೇಜಲ್ಲೇ ಇದೆ ಮೇಡಂ. ಪೊಲೀಸ್ನೋರು ವಾಪಸ್ ಕೊಟ್ಟಾಗಿಂದ ಡೋರ್ ಓಪನ್ ಮಾಡಿಲ್ಲ. ನನ್ನ ಕೈಲಿ ಆಗಲ್ಲ."

"ಡ್ಯಾಶ್‌ಬೋರ್ಡ್ ಒಂದ್ಸಲ ನೋಡ್ತೀರಾ?"

ಬಾಗಿಲು ತೆರೆದ ಸದ್ದು. ಆಮೇಲೆ ಏನೋ ತಡಕಾಡುವ ಸದ್ದು...

"ಕಲ್ಲುಸಕ್ಕರೆ ಪ್ಯಾಕೆಟ್ಟು... ಒಡೆದೇ ಇಲ್ಲ ಮೇಡಂ. ಕೈಗೆ ಸಿಗೋ ಹಂಗೇ ಇದೆ. ನಿಮಗೆ ಹೆಂಗೆ ಗೊತ್ತಾಯ್ತು?"

ಆ ಕಡೆ ಅವರು ಅಳತೊಡಗಿದ್ದರು.

ಯಂತ್ರ ಹಿಡಿಯದ ಮಾತು ಸಾಕ್ಷಿಯಾಗುವುದಿಲ್ಲವಂತೆ. 'ಧ್ವನಿ ಇಲ್ಲ' ಎಂದು ಅನುವಾದವನ್ನು ತಿದ್ದಿ ಸಹಿ ಹಾಕಲು ವಕೀಲೆ ಹೇಳಿದರು. ನಾನು ಹಾಕಲಿಲ್ಲ. ಎವರ್‌ಗ್ರೀನ್‌ ಬಡಾವಣೆಯಲ್ಲಿರುವ ಬೆಂಗಳೂರಿನ ಇನ್ನೊಬ್ಬ ಅನುವಾದಕರು ಹಾಕಿಕೊಟ್ಟರು. ಮಂಜುನಾಥ್ ಏನನ್ನೂ ಕೇಳಲಿಲ್ಲ ಎಂದೇ ತೀರ್ಮಾನವಾಯಿತು. ಕೋಳ ಹಾಕಿದವನು ಈಗಲೂ ಡ್ಯೂಟಿಯಲ್ಲಿದ್ದಾನೆ.

ಕೇಸು ಬಿದ್ದುಹೋದ ಮೇಲೆ ಒಂದು ಸಂಜೆ ಆ ಬೆಂಗಳೂರಿನವರ ಫೋನ್ ಬಂತು. ದನಿ ತಗ್ಗಿತ್ತು.

"ಶಾಹೀನ್ ಅವ್ರಾ? ಆ ವಿಡಿಯೋ ಇತ್ತಲ್ಲ... ನಿಮ್ಮನ್ನ ಏನಂತ ಕರೆದ್ರು ಅವ್ರು?"

"ಅಕ್ಕಾ ಅಂದ್ರು."

"ನನಗೆ... ಅಣ್ಣಾ ಅಂದ್ರು."

"ಮತ್ಯಾಕೆ ಸೈನ್ ಮಾಡಿದ್ರಿ ಸಾರ್?"

"ಇನ್ನೇನಂತ ಬರೀಲಿ ಹೇಳಿ? ಯಾರು ನಂಬ್ತಾರೆ?"

ಫೋನ್ ಕಟ್ಟಾಯಿತು. ಮತ್ತೆ ಎಷ್ಟು ಸಲ ಮಾಡಿದರೂ ಅವರು ಎತ್ತಲಿಲ್ಲ.

ಈಗ ಆ ವಿಡಿಯೋವನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟಿದ್ದಾರೆ. ನೋಡಿದವರು ಕೆಳಗೆ ಏನೇನೋ ಬರೆದಿದ್ದಾರೆ, ಕುಡುಕನಿಗೆ ತಕ್ಕ ಶಾಸ್ತಿ ಅಂತಲೂ ಒಬ್ಬ ಬರೆದಿದ್ದಾನೆ. ಅವರಲ್ಲಿ ಕನ್ನಡ ಬಲ್ಲವರು ಯಾರಾದರೂ ಇದ್ದರೋ ಇಲ್ಲವೋ... ಇದ್ದರೆ ಅವರಿಗೇನು ಕೇಳಿಸಿತೋ. ಅವರನ್ನು ವಿಚಾರಿಸಲು ನನಗೆ ಧೈರ್ಯವಿಲ್ಲ.